ದೇವಮಾತೆಗೆ ಓಟದ ಬೂಟು

1972ರ ಒಂದು ರಾತ್ರಿ ಮೂವರು ತರುಣರು ಲಾಸ್ ಏಂಜಲಿಸ್ ಕೌಂಟಿ ಕಲಾ ಸಂಗ್ರಹಾಲಯದ ಹೊರಗೋಡೆಗೆ ಸ್ಪ್ರೇ ಬಣ್ಣದಲ್ಲಿ ತಮ್ಮ ಹೆಸರು ಬರೆದು ಹೋದರು. ಅದಕ್ಕೊಂದು ಹಿನ್ನೆಲೆ ಇತ್ತು. ಅವರಲ್ಲೊಬ್ಬರಾದ ಹ್ಯಾರಿ ಗಂಬೋವಾ, ಇಲ್ಲಿ ಚಿಕಾನೊ, ಅಂದರೆ ಮೆಕ್ಸಿಕನ್ ಮೂಲದ ಅಮೆರಿಕನ್, ಕಲಾವಿದರ ಕೃತಿಗಳು ಯಾಕಿಲ್ಲ ಎಂದು ಸಂಗ್ರಹಾಲಯದವರನ್ನು ಕೇಳಿದ್ದರು. ನಿಮ್ಮವರು ಮಾಡುವುದು ಜಾನಪದ ಕಲೆ, ಇಲ್ಲವೇ ಗ್ಯಾಂಗ್ ಕಟ್ಟಿಕೊಂಡು ಓಡಾಡುತ್ತಾರೆ, ಲಲಿತಕಲೆ ಎಲ್ಲಿ ಮಾಡುತ್ತಾರೆ ಎಂಬ ಧಾಟಿಯ ಉತ್ತರ ಸಿಕ್ಕಿತ್ತು. ಸರಿ, ಹಾಗಾದರೆ ಈ ಕಟ್ಟಡವೇ ನಮ್ಮ ಕೃತಿ ಎಂದು ಗಂಬೋವಾ, ಗ್ರಾಂಕ್, ವಿಲಿ ಹೆರೋನ್ ಮೂವರೂ ಕಲಾವಿದರು ರುಜು ಹಾಕುವ ಹಾಗೆ ಗೋಡೆಗೆ ಸಹಿ ಹಾಕಿದರು. ಸಂಗ್ರಹಾಲಯ ಬೇಗನೆ ಅದರ ಮೇಲೆ ಬಣ್ಣ ಬಳಿಸಿತು. ಉಳಿದದ್ದು ಗಂಬೋವಾ ತೆಗೆದ ಫೋಟೊ. ಕಾಲುಸೇತುವೆಯ ಕೆಳಭಾಗದಲ್ಲಿ ಸಹಿಗಳು, ಮೇಲೆ ಕಟಕಟೆಗೆ ಒರಗಿ ಅತ್ತ ಮುಖ ಮಾಡಿ ನಿಂತ ಅದೇ ಗುಂಪಿನ ಇನ್ನೊಬ್ಬ ಕಲಾವಿದೆ, ಪ್ಯಾಟ್ಸಿ ವಾಲ್ಡೆಜ್.

ಗುಂಪಿನ ಹೆಸರು ಆಸ್ಕೊ. ಈ ಫೋಟೊ ಇಂದು ಅಮೆರಿಕದ ಕಲಾ ಇತಿಹಾಸದ ಪುಸ್ತಕಗಳಲ್ಲಿದೆ. 2011ರಲ್ಲಿ ಅದೇ ಸಂಗ್ರಹಾಲಯ ಆಸ್ಕೊ ಗುಂಪಿನ ದೊಡ್ಡ ಪ್ರದರ್ಶನವನ್ನೂ ಏರ್ಪಡಿಸಿತು. ಹೊರಗಿಟ್ಟವರ ಮೇಲೆ ಹೊರಗುಳಿದವರು ಗೆದ್ದ ಕಥೆಯಾಗಿ ಇದನ್ನು ಹೇಳುವುದು ವಾಡಿಕೆ. ಕಥೆ ಸುಳ್ಳಲ್ಲ. ಆದರೆ ಗೋಡೆಯ ಮೇಲಿನ ಹೆಸರುಗಳೆಲ್ಲ ಗಂಡಸರವು. ಗುಂಪಿನ ಹೆಂಗಸು ಚಿತ್ರದಲ್ಲಿದ್ದಾಳೆ, ಸಹಿಯಲ್ಲಿಲ್ಲ.

ಚಿಕಾನಾ ಕಲೆ ಎಂದು ಕರೆಸಿಕೊಳ್ಳುವ ಕೆಲಸದ ಬಹುಪಾಲು ಈ ಎರಡು ಸಂಗತಿಗಳ ನಡುವೆ ಹುಟ್ಟಿದ್ದು. ಒಂದು ಕಡೆ ತಮ್ಮ ಇಡೀ ಜನಾಂಗಕ್ಕೆ ಬಾಗಿಲು ಹಾಕಿಕೊಂಡ ದೇಶ, ಇನ್ನೊಂದು ಕಡೆ ಆ ಬಾಗಿಲು ತಟ್ಟುವಾಗಲೂ ತಮ್ಮನ್ನು ಹಿಂದಿನ ಸಾಲಿಗೆ ನಿಲ್ಲಿಸಿದ ಸ್ವಂತ ಗಂಡಸರು. ಬೇರೆ ಸಂಸ್ಕೃತಿಯ ಕಲೆಯನ್ನು ನೋಡಿದರೆ ನಮ್ಮ ತಿಳಿವಳಿಕೆ ವಿಶಾಲವಾಗುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಹೇಗೆ ವಿಶಾಲವಾಗುತ್ತದೆ ಎಂದು ಕೇಳಿದರೆ ಉತ್ತರ ಬಣ್ಣ, ಹಬ್ಬ, ಉಡುಗೆ, ಊಟಗಳ ಪಟ್ಟಿಯಲ್ಲಿ ಮುಗಿಯುತ್ತದೆ. ನನ್ನ ಅಭಿಪ್ರಾಯ ಬೇರೆ. ಒಂದು ಸಮಾಜ ಅತಿಥಿಗಳೆದುರು ತನ್ನ ಬಗ್ಗೆ ಹೇಳಿಕೊಳ್ಳುವ ಮಾತನ್ನಷ್ಟೇ ಕೇಳಿದವರಿಗೆ ಆ ಸಮಾಜದ ಪರಿಚಯವಾದಂತಲ್ಲ. ಅದು ತನ್ನವರ ಜೊತೆ ಯಾವುದಕ್ಕಾಗಿ ಜಗಳವಾಡುತ್ತದೆ ಎಂಬುದು ಗೊತ್ತಾಗಬೇಕು. ಆ ಜಗಳವನ್ನು ಹೊರಗಿನವರೂ ಕಾಣುವಷ್ಟು ಬಿಚ್ಚಿಟ್ಟಿರುವುದರಿಂದಲೇ ಚಿಕಾನಾ ಕಲೆಗೆ ಇಷ್ಟು ಬೆಲೆ.

ಹಿನ್ನೆಲೆ ಚುಟುಕಾಗಿ. 1848ರ ಗ್ವಾದಲೂಪೆ ಹಿದಾಲ್ಗೊ ಒಪ್ಪಂದದಲ್ಲಿ ಮೆಕ್ಸಿಕೊ ತನ್ನ ಅರ್ಧಕ್ಕಿಂತ ಹೆಚ್ಚು ನೆಲವನ್ನು ಅಮೆರಿಕಕ್ಕೆ ಬಿಟ್ಟುಕೊಟ್ಟಿತು. ಇಂದಿನ ಕ್ಯಾಲಿಫೋರ್ನಿಯಾ, ನೆವಾಡಾ, ಯೂಟಾ, ಅರಿಜೋನಾ, ನ್ಯೂ ಮೆಕ್ಸಿಕೊಗಳ ಬಹುಭಾಗ ಹಾಗೆ ಕೈ ಬದಲಾಯಿಸಿದ ನೆಲ. ನಾವು ಗಡಿ ದಾಟಿದವರಲ್ಲ, ಗಡಿಯೇ ನಮ್ಮನ್ನು ದಾಟಿತು ಎಂಬ ಮಾತು ಅಲ್ಲಿನ ಹಳೆಯ ಮನೆತನಗಳಲ್ಲಿ ಬಳಕೆಯಲ್ಲಿದೆ. ಆಮೇಲೆ ಹೊಲಕ್ಕೆ, ರೈಲು ಹಳಿಗೆ, ಕಾರ್ಖಾನೆಗೆ ಕೂಲಿಗಳಾಗಿ ಬಂದವರು ಸೇರಿ ಆ ಸಮುದಾಯ ಬೆಳೆಯಿತು. 1960ರ ದಶಕದಲ್ಲಿ ಅವರ ಮಕ್ಕಳು ಹಕ್ಕು ಕೇಳುತ್ತ ಬೀದಿಗಿಳಿದಾಗ ಚಿಕಾನೊ ಎಂಬ ಹೆಸರನ್ನು ಬೇಕೆಂದೇ ಎತ್ತಿಕೊಂಡರು. ಹೆಂಗಸಾದರೆ ಚಿಕಾನಾ.

ಆ ಚಳವಳಿಯ ಬೆನ್ನೆಲುಬು ಹೊಲದ ಕೂಲಿಕಾರರು. 1965ರ ಸೆಪ್ಟೆಂಬರಿನಲ್ಲಿ ಕ್ಯಾಲಿಫೋರ್ನಿಯಾದ ಡೆಲಾನೊ ಎಂಬ ಊರಿನಲ್ಲಿ ಫಿಲಿಪೀನ್ಸ್ ಮೂಲದ ದ್ರಾಕ್ಷಿ ಕೂಲಿಗಳು ಮುಷ್ಕರ ಹೂಡಿದರು. ಕೆಲವೇ ದಿನಗಳಲ್ಲಿ ಮೆಕ್ಸಿಕನ್ ಮೂಲದವರ ಸಂಘವೂ ಕೂಡಿಕೊಂಡಿತು. ಐದು ವರ್ಷ ನಡೆದ ಆ ಹೋರಾಟ ಎಂದರೆ ಜಗತ್ತಿಗೆ ನೆನಪಾಗುವುದು ಸಂಘದ ನಾಯಕ ಸೀಸರ್ ಚಾವೆಜ್. ಜೊತೆಗೆ ನಿಂತು ಸಂಘ ಕಟ್ಟಿದ, ಮಾಲೀಕರೆದುರು ಕೂತು ಒಪ್ಪಂದದ ಮಾತುಕತೆ ನಡೆಸಿದ ಡೊಲೊರೆಸ್ ವೆರ್ತಾ ನೆನಪಾಗುವುದು ತಡವಾಗಿ. ‘ಆಗುತ್ತದೆ, ಮಾಡಬಹುದು’ ಎಂಬರ್ಥದ ಸಂಘದ ಸ್ಪ್ಯಾನಿಷ್ ಘೋಷಣೆ ಮೊದಲು ಹೊರಟದ್ದು 1972ರಲ್ಲಿ ವೆರ್ತಾ ಬಾಯಿಂದ. ದಶಕಗಳ ಕಾಲ ಅದು ಚಾವೆಜ್ ಹೆಸರಿನಲ್ಲೇ ಓಡಾಡಿತು. ಕಲಾವಿದೆ ಬಾರ್ಬರಾ ಕರಾಸ್ಕೊ 1999ರಲ್ಲಿ ಬರೀ ‘ಡೊಲೊರೆಸ್’ ಎಂಬ ಶೀರ್ಷಿಕೆಯ ಒಂದು ಸ್ಕ್ರೀನ್ ಪ್ರಿಂಟ್ ಮಾಡಿದರು. ಗಂಡು ನಾಯಕರ ಪೋಸ್ಟರುಗಳು ಗೋಡೆ ಗೋಡೆಯಲ್ಲಿದ್ದ ಸಮುದಾಯದಲ್ಲಿ ವೆರ್ತಾ ಮುಖ ಯಾಕಿಲ್ಲ ಎಂಬ ಪ್ರಶ್ನೆಯೇ ಆ ಚಿತ್ರದ ವಿಷಯ.

ಗೋಡೆ ಚಿತ್ರಗಳಲ್ಲೂ ಇದೇ ಕಥೆ. ಮೆಕ್ಸಿಕೊದ ರಿವೇರಾ, ಸಿಕೇರೊಸ್, ಒರೋಸ್ಕೊ ಎಂಬ ಮೂವರು ಘಟಾನುಘಟಿ ಗೋಡೆಚಿತ್ರಕಾರರ ಮಾದರಿ ಹಿಡಿದು ಚಿಕಾನೊ ತರುಣರು ಬಡಾವಣೆಗಳ ಗೋಡೆಗಳನ್ನು ಚಿತ್ರಗಳಿಂದ ತುಂಬಿದರು. ಆಜ್‌ಟೆಕ್ ಯೋಧರು, ಬಂದೂಕು ಹಿಡಿದ ಕ್ರಾಂತಿಕಾರರು, ಮುಷ್ಟಿ ಬಿಗಿದ ಕೈಗಳು. ಹೆಂಗಸು ಇದ್ದರೆ ಯೋಧನ ತೋಳಿನಲ್ಲಿ ಮೂರ್ಛೆ ಹೋಗಿರುತ್ತಿದ್ದಳು. ಸ್ಯಾನ್ ಫ್ರಾನ್ಸಿಸ್ಕೊದ ಮಿಷನ್ ಬಡಾವಣೆಯಲ್ಲಿ 1974ರಲ್ಲಿ ಪೆಟ್ರೀಶಿಯಾ ರೊಡ್ರಿಗೆಜ್, ಗ್ರಾಸಿಯೆಲಾ ಕರಿಯೊ, ಕನ್ಸುಯೆಲೊ ಮೆಂಡೆಜ್, ಐರೀನ್ ಪೆರೆಜ್ ಎಂಬ ನಾಲ್ವರು ಹೆಂಗಸರು ತಾವೇ ಸಾರುವೆ ಹತ್ತಿ ದೊಡ್ಡ ಗೋಡೆಗಳನ್ನು ಬರೆದರು. ಜೋಳದ ಹೊಲ, ಸಂತೆ, ಮಕ್ಕಳು, ಮನೆಮಂದಿ. ಇದರಲ್ಲಿ ರಾಜಕೀಯ ಎಲ್ಲಿದೆ, ರಕ್ತ ಎಲ್ಲಿದೆ ಎಂದು ಚಳವಳಿಯ ಕೆಲವರು ಮೂಗು ಮುರಿದರು. ಬಂದೂಕಿದ್ದರೆ ಮಾತ್ರ ರಾಜಕೀಯ, ಸಂತೆಯಲ್ಲಿ ತರಕಾರಿ ಹೊತ್ತವಳದು ಬರೀ ಬದುಕು ಎಂಬ ಈ ಹಂಚಿಕೆಯನ್ನು ಪ್ರಶ್ನಿಸಿದ್ದೇ ಆ ನಾಲ್ವರ ದೊಡ್ಡ ಕೊಡುಗೆ. ಅದಕ್ಕೂ ಮೊದಲೇ, 1970ರಲ್ಲಿ, ಜೂಡಿ ಬಾಕಾ ಪೂರ್ವ ಲಾಸ್ ಏಂಜಲಿಸ್‌ನ ಹೊಲೆನ್‌ಬೆಕ್ ಪಾರ್ಕಿನಲ್ಲಿ ಪರಸ್ಪರ ಹೊಡೆದಾಡುತ್ತಿದ್ದ ಗ್ಯಾಂಗುಗಳ ಹುಡುಗರನ್ನು ಕೂಡಿಸಿ ಬ್ಯಾಂಡ್ ಮಂಟಪದ ಒಳಗೋಡೆಯಲ್ಲಿ ಒಂದು ಚಿತ್ರ ಬರೆಸಿದ್ದರು. ಎರಡೂ ತೋಳು ಚಾಚಿದ ಒಬ್ಬ ಅಜ್ಜಿ. ಯಾವ ಗ್ಯಾಂಗಿನ ಹುಡುಗನೂ ಅಜ್ಜಿಯ ಮುಖಕ್ಕೆ ಮಸಿ ಬಳಿಯಲಾರ ಎಂಬ ಲೆಕ್ಕಾಚಾರವೂ ಅದರ ಹಿಂದೆ ಇದ್ದಿರಬೇಕು ಎಂದು ನನಗನಿಸುತ್ತದೆ.

ಈಗ ದೇವಮಾತೆಯ ವಿಷಯಕ್ಕೆ ಬರೋಣ. ಇಲ್ಲಿ ಸ್ವಲ್ಪ ನಿಧಾನಿಸಬೇಕು.

ಗ್ವಾದಲೂಪೆ ಮಾತೆ, ಅಂದರೆ ಯೇಸುವಿನ ತಾಯಿ ಮೇರಿಯ ಮೆಕ್ಸಿಕನ್ ರೂಪ, ಮೆಕ್ಸಿಕೊದ ಜನರ ಮನೆದೇವರು. ನಂಬಿಕೆಯ ಪ್ರಕಾರ 1531ರಲ್ಲಿ, ಸ್ಪೇನಿನವರು ಆಜ್‌ಟೆಕ್ ರಾಜಧಾನಿಯನ್ನು ಕೆಡವಿದ ಹತ್ತು ವರ್ಷಕ್ಕೆ, ತೆಪೆಯಾಕ್ ಗುಡ್ಡದಲ್ಲಿ ಹುವಾನ್ ದಿಯೆಗೊ ಎಂಬ ಮೂಲನಿವಾಸಿಗೆ ಅವಳು ಕಾಣಿಸಿಕೊಂಡಳು, ಅವನದೇ ನಾವಾಟ್ಲ್ ಭಾಷೆಯಲ್ಲಿ ಮಾತಾಡಿದಳು. ಅದೇ ಗುಡ್ಡದಲ್ಲಿ ಹಿಂದೆ ತೊನಾಂಟ್ಸಿನ್ ಎಂಬ ತಾಯಿದೇವತೆಯ ಆರಾಧನೆ ನಡೆಯುತ್ತಿತ್ತೆಂದು ಹದಿನಾರನೆಯ ಶತಮಾನದ ಪಾದ್ರಿಯೇ ಬರೆದಿಟ್ಟಿದ್ದಾರೆ. ಚಿತ್ರ ಎಲ್ಲರಿಗೂ ಬಾಯಿಪಾಠ: ಕಂದು ಮೈಬಣ್ಣ, ನಕ್ಷತ್ರಗಳ ಹಸಿರುನೀಲಿ ಮೇಲುಹೊದಿಕೆ, ಸುತ್ತ ಸೂರ್ಯಕಿರಣ, ಕಾಲಡಿ ಅರ್ಧಚಂದ್ರ, ಅದನ್ನು ಹೊತ್ತ ಪುಟ್ಟ ದೇವದೂತ. ಜೋಡಿಸಿದ ಕೈ, ತಗ್ಗಿಸಿದ ಕಣ್ಣು. 1810ರಲ್ಲಿ ಸ್ಪೇನಿನ ವಿರುದ್ಧ ಎದ್ದವರ ಬಾವುಟದಲ್ಲಿ ಅವಳಿದ್ದಳು. 1966ರಲ್ಲಿ ಡೆಲಾನೊದ ಕೂಲಿಕಾರರು ರಾಜಧಾನಿ ಸ್ಯಾಕ್ರಮೆಂಟೊಗೆ ಪಾದಯಾತ್ರೆ ಹೊರಟಾಗಲೂ ಮುಂದೆ ಹಿಡಿದದ್ದು ಅವಳ ಚಿತ್ರವನ್ನೇ. ಹೋರಾಟಕ್ಕೂ ಅವಳೇ, ಹೆಣ್ಣುಮಗಳು ಹೇಗೆ ತಗ್ಗಿಬಗ್ಗಿ ನಡೆಯಬೇಕೆಂಬ ಪಾಠಕ್ಕೂ ಅವಳೇ.

ಸ್ಯಾನ್ ಡಿಯೆಗೊದಲ್ಲಿ ಹುಟ್ಟಿದ ಯೊಲಾಂಡಾ ಲೋಪೆಜ್ 1978ರಲ್ಲಿ ಮೂರು ಚಿತ್ರಗಳನ್ನು ಮಾಡಿದರು. ಕಾಗದದ ಮೇಲೆ ಎಣ್ಣೆ ಪಾಸ್ಟೆಲ್, ಗಾತ್ರವೂ ದೊಡ್ಡದಲ್ಲ. ಒಂದರಲ್ಲಿ ಅವರ ಅಜ್ಜಿ, ಒಂದರಲ್ಲಿ ತಾಯಿ, ಒಂದರಲ್ಲಿ ತಾವು. ಮೂವರ ಹಿಂದೆಯೂ ಗ್ವಾದಲೂಪೆಯ ಕಿರಣಗಳು. ಅಜ್ಜಿ ನಕ್ಷತ್ರದ ಹೊದಿಕೆಯನ್ನು ಹಾಸಿಕೊಂಡು ಕೂತಿದ್ದಾಳೆ, ಕೈಯಲ್ಲಿ ಸುಲಿದ ಹಾವಿನ ಚರ್ಮ, ಚಾಕು. ಮುಖದಲ್ಲಿ ಭಕ್ತಿಯೂ ಇಲ್ಲ, ಬೇಸರವೂ ಇಲ್ಲ, ಕೆಲಸ ಮುಗಿಸಿದವಳ ನೆಮ್ಮದಿ ಇದೆ. ತಾಯಿಯದು ಮೂರರಲ್ಲಿ ನನಗೆ ಅತ್ಯಂತ ಇಷ್ಟವಾದದ್ದು. ಕನ್ನಡಕ ಹಾಕಿಕೊಂಡ, ಮೈ ತುಂಬಿದ ನಡುವಯಸ್ಸಿನ ಹೆಂಗಸು ಹೊಲಿಗೆ ಯಂತ್ರದ ಮುಂದೆ ಬಗ್ಗಿದ್ದಾಳೆ. ಹೊಲಿಯುತ್ತಿರುವುದು ಬೇರೇನಲ್ಲ, ದೇವಮಾತೆಯ ಅದೇ ನಕ್ಷತ್ರದ ಹೊದಿಕೆ. ಲೋಪೆಜ್ ತಾಯಿ ನಿಜಜೀವನದಲ್ಲೂ ಹೊಲಿಗೆ ಕೆಲಸದವರು. ದೇವತೆಗೆ ಬಟ್ಟೆ ಎಲ್ಲಿಂದ ಬರುತ್ತದೆ, ಯಾರು ಹೊಲಿಯುತ್ತಾರೆ, ಅವರಿಗೆ ಸಿಗುವ ಕೂಲಿ ಎಷ್ಟು ಎಂದು ಒಂದೂ ಮಾತಿಲ್ಲದೆ ಈ ಚಿತ್ರ ಕೇಳುತ್ತದೆ.

ಮೂರನೆಯದರಲ್ಲಿ ಕಲಾವಿದೆ ಓಡುತ್ತಿದ್ದಾಳೆ. ಕಾಲಲ್ಲಿ ಓಟದ ಬೂಟು. ಗುಲಾಬಿ ಅಂಗಿ ತೊಡೆಯವರೆಗೆ ಹಾರಿದೆ, ಮಾಂಸಖಂಡ ಬಿಗಿದ ಕಾಲುಗಳು ಚಿತ್ರದಿಂದಲೇ ಆಚೆ ಜಿಗಿಯುವ ಹಾಗಿವೆ. ಒಂದು ಕೈಯಲ್ಲಿ ಹಾವು, ಇನ್ನೊಂದರಲ್ಲಿ ಹೊದಿಕೆ. ಕೆಳಗಿನ ದೇವದೂತನ ರೆಕ್ಕೆ ಅಮೆರಿಕದ ಬಾವುಟದ ಕೆಂಪು, ಬಿಳಿ, ನೀಲಿ ಬಣ್ಣದ್ದು, ಅವನನ್ನು ದಾಟಿಕೊಂಡೇ ಅವಳು ಹೊರಟಿದ್ದಾಳೆ. ಹಿಂದಿನ ವರ್ಷವೇ ಲೋಪೆಜ್ ತಾವು ಓದುತ್ತಿದ್ದ ವಿಶ್ವವಿದ್ಯಾಲಯದ ಆವರಣದಲ್ಲಿ ಓಡುತ್ತಿರುವ ತಮ್ಮದೇ ಚಿತ್ರಗಳ ಸರಣಿ ಮಾಡಿದ್ದರು. ಹಾಗಾಗಿ ಬೂಟು ಬರೀ ತಮಾಷೆಗೆ ಬಂದದ್ದಲ್ಲ. ಮೂಲಚಿತ್ರದ ದೇವಿ ಉಟ್ಟ ಉದ್ದನೆಯ ನಿಲುವಂಗಿಯಲ್ಲಿ ಹೆಜ್ಜೆ ಇಡುವುದೇ ಕಷ್ಟ ಎಂಬುದು ಲೋಪೆಜ್ ಗಮನಿಸಿದ್ದ ಸಂಗತಿ. ಭಕ್ತರು ಶತಮಾನಗಳಿಂದ ನೋಡಿದ ಚಿತ್ರದಲ್ಲಿ ಒಬ್ಬ ದರ್ಜಿಯ ಮಗಳಿಗೆ ಮೊದಲು ಕಂಡದ್ದು ಬಟ್ಟೆಯ ಅಳತೆ.

ಇನ್ನೊಬ್ಬ ಕಲಾವಿದೆ ಎಸ್ಟರ್ ಹೆರ್ನಾಂಡೆಜ್ 1975ರಲ್ಲೇ ಗ್ವಾದಲೂಪೆಯನ್ನು ಕರಾಟೆ ಉಡುಪಿನಲ್ಲಿ ಒದೆಯುವ ಭಂಗಿಗೆ ತಂದಿದ್ದರು. ಮೊದಲು ಮಾಡಿದವರೆಂಬ ಗೌರವ ಅವರಿಗೆ ಸಲ್ಲಬೇಕು. ಆದರೆ ಆ ಚಿತ್ರ ಒಂದು ಏಟಿನಲ್ಲಿ ಮುಗಿಯುತ್ತದೆ. ಹೊಲಿಗೆ ಯಂತ್ರದ ಮುಂದಿನ ತಾಯಿ ಹಾಗೆ ಮುಗಿಯುವುದಿಲ್ಲ. ಚಿಕಾನಾ ಕಲೆಯಲ್ಲಿ ಘೋಷಣೆಯಷ್ಟೇ ಆಗಿ ಉಳಿದ ಕೃತಿಗಳು ಸಾಕಷ್ಟಿವೆ. ಹೋರಾಟದ ಕಲೆ ಎಂಬ ಕಾರಣಕ್ಕೆ ಎಲ್ಲಕ್ಕೂ ತಲೆದೂಗುವುದು ಕಲಾವಿದೆಯರಿಗೆ ಮಾಡುವ ಉಪಕಾರವೇನಲ್ಲ.

ಈ ಚಿತ್ರಗಳು ನೋವು ಮಾಡಲಿಲ್ಲವೇ? ಮಾಡಿದವು. 1984ರಲ್ಲಿ ಮೆಕ್ಸಿಕೊದ ಫೆಮ್ ಎಂಬ ಸ್ತ್ರೀವಾದಿ ಪತ್ರಿಕೆ ಲೋಪೆಜ್ ಅವರ ಇನ್ನೊಂದು ಗ್ವಾದಲೂಪೆಯನ್ನು, ಕಾಲು ಕಾಣುವ ಲಂಗ, ಎತ್ತರ ಹಿಮ್ಮಡಿಯ ಚಪ್ಪಲಿ ತೊಟ್ಟು ನಡೆಯುವವಳನ್ನು, ಮುಖಪುಟಕ್ಕೆ ಹಾಕಿದಾಗ ಬಾಂಬ್ ಬೆದರಿಕೆ ಬಂತು. 2001ರಲ್ಲಿ ನ್ಯೂ ಮೆಕ್ಸಿಕೊ ರಾಜ್ಯದ ಸಾಂತಾ ಫೆ ನಗರದ ಅಂತರರಾಷ್ಟ್ರೀಯ ಜಾನಪದ ಕಲಾ ಸಂಗ್ರಹಾಲಯದಲ್ಲಿ ಇನ್ನೊಬ್ಬ ಕಲಾವಿದೆ ಆಲ್ಮಾ ಲೋಪೆಜ್ ಅವರ ಒಂದು ಪುಟ್ಟ ಡಿಜಿಟಲ್ ಮುದ್ರಣ ಅದಕ್ಕಿಂತ ದೊಡ್ಡ ಗದ್ದಲ ಎಬ್ಬಿಸಿತು. ಅದರಲ್ಲಿ ಗ್ವಾದಲೂಪೆ ಗುಲಾಬಿ ಹೂವಷ್ಟೇ ತೊಟ್ಟು, ಸೊಂಟದ ಮೇಲೆ ಕೈ ಇಟ್ಟು, ನೆಟ್ಟ ನೋಟದಲ್ಲಿ ನಿಂತಿದ್ದಾಳೆ. ಕೆಳಗೆ ದೇವದೂತನ ಜಾಗದಲ್ಲಿ ಎದೆ ತೆರೆದ ಹೆಣ್ಣು. ಆರ್ಚ್‌ಬಿಷಪ್ ಖಂಡಿಸಿದರು, ಪ್ರತಿಭಟನೆಗಳಾದವು. ಸಂಗ್ರಹಾಲಯ ಚಿತ್ರವನ್ನು ಗೋಡೆಯಿಂದ ಇಳಿಸಲಿಲ್ಲ, ಆದರೆ ಪ್ರದರ್ಶನವನ್ನು ನಿಗದಿಗಿಂತ ಮೊದಲೇ ಮುಗಿಸಿತು.

ಇಲ್ಲಿ ಎದುರುಪಕ್ಷದ ಮಾತನ್ನು ಹಗುರವಾಗಿ ತಳ್ಳಿಹಾಕುವುದು ಸುಲಭ, ಸರಿಯಲ್ಲ. ಪ್ರತಿಭಟಿಸಿದವರೆಲ್ಲ ಅಧಿಕಾರಸ್ಥರಾಗಿರಲಿಲ್ಲ. ಸರ್ಕಾರಿ ದುಡ್ಡಿನಲ್ಲಿ ನಡೆಯುವ ಸಂಗ್ರಹಾಲಯದಲ್ಲಿ ತಮ್ಮ ದೇವರಿಗೆ ಇಂಥ ಗತಿ ಬಂತಲ್ಲ ಎಂದು ನೊಂದವರಲ್ಲಿ ಜೀವಮಾನವಿಡೀ ಕೂಲಿ ಮಾಡಿದ, ಕಷ್ಟಕಾಲದಲ್ಲಿ ಆ ಒಂದು ಚಿತ್ರವನ್ನೇ ನಂಬಿದ ಭಕ್ತರೂ ಇದ್ದರು. ಕಲಾವಿದೆಯ ಸ್ವಾತಂತ್ರ್ಯ ಎಂಬ ಒಂದೇ ಮಾತಿನಿಂದ ಅವರ ನೋವು ಸುಳ್ಳಾಗುವುದಿಲ್ಲ. ಆದರೆ ನೋವಾಯಿತು ಎಂಬುದರಿಂದ ಚಿತ್ರ ಅವರೊಬ್ಬರದೇ ಎಂದೂ ಆಗುವುದಿಲ್ಲ. ಆಲ್ಮಾ ಲೋಪೆಜ್ ಕೂಡ ಮೆಕ್ಸಿಕೊದಲ್ಲಿ ಹುಟ್ಟಿ ಲಾಸ್ ಏಂಜಲಿಸ್‌ನಲ್ಲಿ ಗ್ವಾದಲೂಪೆಯ ಚಿತ್ರಗಳ ನಡುವೆಯೇ ಬೆಳೆದವರು. ನಮ್ಮಲ್ಲಿ ಹುಸೇನ್ ಬರೆದ ದೇವಿಯರ ಚಿತ್ರಗಳ ಮೇಲೆ ರಂಪವಾದಾಗ ವಾದ ಬಹುಬೇಗ ‘ಅವನು ಯಾರು, ಇದು ಯಾರದು’ ಎಂಬಲ್ಲಿಗೆ ಇಳಿಯಿತು, ಕೊನೆಗೆ ಅವರು ದೇಶವನ್ನೇ ಬಿಟ್ಟರು. ಸಾಂತಾ ಫೆಯಲ್ಲಿ ಆ ದಾರಿ ಮುಚ್ಚಿತ್ತು. ಹೊರಗಿನವಳು ಎಂದು ಅಟ್ಟಲಾಗದ ಹೆಣ್ಣುಮಗಳೊಬ್ಬಳು, ಈ ತಾಯಿಗೆ ನನ್ನಂಥದೇ ಮೈ ಇದೆ, ಆ ಮೈಯಲ್ಲಿ ನಾಚಬೇಕಾದದ್ದು ಏನಿದೆ ಎಂದು ಕೇಳುತ್ತಿದ್ದಳು. ಉತ್ತರ ಕೊಡಬೇಕಾದವರು ಅವಳ ಸ್ವಂತ ಜನ. ಸಂಸ್ಕೃತಿ ಎಂದರೆ ಹಿರಿಯರಿಂದ ಬಂದ ಒಂದು ಮುಗಿದ ವಸ್ತು ಎಂದು ತಿಳಿದವರಿಗೆ ಈ ಜಗಳ ಕೆಡುಕಾಗಿ ಕಾಣುತ್ತದೆ. ತೊನಾಂಟ್ಸಿನ್ ಗುಡ್ಡದಲ್ಲಿ ಮೇರಿ ಮೂಡಿದ್ದೇ ಒಮ್ಮೆ ಆದ ಮರುಬರಹ ಎಂದು ನೆನೆದರೆ, ಬೂಟು ತೊಟ್ಟವಳು ಸಂಪ್ರದಾಯದ ಆಚೆ ನಿಂತವಳು ಎನ್ನಲು ಬಾಯಿ ಬಾರದು.

ಚಿಕಾನಾ ಕಲಾವಿದೆಯರ ಜಗಳ ಮನೆಯೊಳಗಷ್ಟೇ ಉಳಿದಿಲ್ಲ. ಹೆರ್ನಾಂಡೆಜ್ ಬಗ್ಗೆ ಮೇಲೆ ಸ್ವಲ್ಪ ಬಿರುಸಾಗಿ ಮಾತಾಡಿದೆ, ಅವರ 1982ರ ‘ಸನ್ ಮ್ಯಾಡ್’ ಬೇರೆಯದೇ ತೂಕದ ಕೃತಿ. ಕ್ಯಾಲಿಫೋರ್ನಿಯಾದ ಸನ್‌-ಮೇಡ್ ಒಣದ್ರಾಕ್ಷಿಯ ಕೆಂಪು ಡಬ್ಬಿ ಅಮೆರಿಕದ ಅಂಗಡಿ ಅಂಗಡಿಯಲ್ಲಿದೆ, ಅಲ್ಲಿ ನೆಲೆಸಿದ ಕನ್ನಡಿಗರ ಅಡುಗೆಮನೆಗಳಲ್ಲೂ ಅಪರೂಪವಲ್ಲ. ಡಬ್ಬಿಯ ಮೇಲೆ ಕೆಂಪು ಕುಲಾವಿ ತೊಟ್ಟ ಹುಡುಗಿ, ಕೈಯಲ್ಲಿ ಹಸಿರು ದ್ರಾಕ್ಷಿಯ ತಟ್ಟೆ, ಹಿಂದೆ ಹಳದಿ ಸೂರ್ಯ. ಹೆರ್ನಾಂಡೆಜ್ ಆ ಚಿತ್ರವನ್ನು ಹಾಗೇ ಉಳಿಸಿ, ಹುಡುಗಿಯ ಜಾಗದಲ್ಲಿ ಅಸ್ಥಿಪಂಜರವನ್ನು ಕೂರಿಸಿದರು. ಅದೇ ಕುಲಾವಿ, ಅದೇ ದ್ರಾಕ್ಷಿ, ಅದೇ ಸೂರ್ಯ, ನಗುವ ತಲೆಬುರುಡೆ. ಕೆಳಗೆ, ಡಬ್ಬಿಯ ಮೇಲೆ ಗುಣಮಟ್ಟದ ಮಾತು ಇರುವ ಕಡೆ, ಕೀಟನಾಶಕ, ನುಸಿನಾಶಕ, ಕಳೆನಾಶಕ, ಶಿಲೀಂಧ್ರನಾಶಕಗಳ ಪಟ್ಟಿ.

ಹೆರ್ನಾಂಡೆಜ್ ಹುಟ್ಟಿದ್ದು ಇದೇ ದ್ರಾಕ್ಷಿ ಸೀಮೆಯ ಡೈನುಬಾ ಎಂಬ ಊರಿನಲ್ಲಿ, ಹೊಲದ ಕೂಲಿಗಳ ಮಗಳಾಗಿ. ತಾಯಿಯನ್ನು ನೋಡಲು ಊರಿಗೆ ಹೋದಾಗ ಅಲ್ಲಿನ ಕುಡಿಯುವ ನೀರಿಗೆ ಹೊಲದ ವಿಷ ಇಳಿದಿದೆ ಎಂಬುದು ಗೊತ್ತಾಯಿತು. ಅದೇ ನೀರನ್ನು ಮನೆಮಂದಿ ವರ್ಷಗಟ್ಟಲೆ ಕುಡಿದಿದ್ದರು, ಮಿಂದಿದ್ದರು. ಮೆಕ್ಸಿಕೊದ ಅಸ್ಥಿಪಂಜರ ಚಿತ್ರಗಳ ಹಳೆಯ ಪರಂಪರೆ ಇಲ್ಲಿ ಅಲಂಕಾರಕ್ಕೆ ಬಂದಿಲ್ಲ. ಕೂಲಿಕಾರರ ಜೀವಕ್ಕೆ ಬಂದ ಅಪಾಯವನ್ನು ಗಿರಾಕಿಗೆ ಅವನ ಅಂಗಡಿಯ ಭಾಷೆಯಲ್ಲೇ ಹೇಳಲು ಅದು ಒದಗಿದೆ. ಸ್ಕ್ರೀನ್ ಪ್ರಿಂಟ್ ಆರಿಸಿಕೊಂಡದ್ದರಲ್ಲೂ ಅರ್ಥವಿದೆ. ಒಂದೇ ಪರದೆಯಿಂದ ಹತ್ತಾರು ಪ್ರತಿ ತೆಗೆಯಬಹುದು, ಸಭೆಗೆ ಒಯ್ಯಬಹುದು, ಗೋಡೆಗೆ ಅಂಟಿಸಬಹುದು, ಅಗ್ಗಕ್ಕೆ ಮಾರಬಹುದು. ಈ ಚಿತ್ರ ನೋಡಿದವರಿಗೆ ಸಿಗುವ ‘ಸಾಂಸ್ಕೃತಿಕ ತಿಳಿವಳಿಕೆ’ ಮೆಕ್ಸಿಕೊದ ಬಗ್ಗೆ ಎಷ್ಟೋ, ತಮ್ಮ ಪಾಯಸದ ಒಣದ್ರಾಕ್ಷಿಯ ಬಗ್ಗೆಯೂ ಅಷ್ಟೇ.

ಅಸ್ಥಿಪಂಜರ ಎಂದ ಕೂಡಲೇ ಸತ್ತವರ ಹಬ್ಬ ನೆನಪಾಗುತ್ತದೆ. ನಾವು ಪಿತೃಪಕ್ಷದಲ್ಲಿ ಹಿರಿಯರಿಗೆ ಎಡೆ ಇಡುವ ಹಾಗೆ ಅಲ್ಲಿ ನವೆಂಬರ್ ಆರಂಭದಲ್ಲಿ ತೀರಿಹೋದವರ ಫೋಟೊ, ಹೂವು, ಅವರಿಗಿಷ್ಟವಾದ ತಿಂಡಿ ಇಟ್ಟು ಪೀಠ ಕಟ್ಟುತ್ತಾರೆ. ಮನೆಯ ಮೂಲೆಯ ದೇವರ ಪೀಠವಿರಲಿ, ಸತ್ತವರ ಪೀಠವಿರಲಿ, ಹೆಚ್ಚಾಗಿ ಹೆಂಗಸರ ಕೈಕೆಲಸ. ಅದನ್ನು ಕಲೆ ಎಂದು ಯಾರೂ ಕರೆದಿರಲಿಲ್ಲ. ಅಮಾಲಿಯಾ ಮೆಸಾ-ಬೇನ್ಸ್ 1984ರಲ್ಲಿ ಹಾಲಿವುಡ್‌ನಲ್ಲೂ ಮೆಕ್ಸಿಕೊದಲ್ಲೂ ಮೆರೆದ ನಟಿ ಡೊಲೊರೆಸ್ ದೆಲ್ ರಿಯೊಗೆ ಅಂಥದೊಂದು ಪೀಠವನ್ನು ಕಟ್ಟಿದರು. ಮಡಿಕೆ ಮಡಿಕೆಯಾಗಿ ಇಳಿಬಿದ್ದ ಬಟ್ಟೆ, ಲೇಸು, ಕನ್ನಡಿ, ನಟಿಯ ಫೋಟೊಗಳು, ಒಣಗಿದ ಹೂವು, ಸುಗಂಧದ ಶೀಶೆಗಳು. ಈಗ ಅದು ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ಅಮೆರಿಕನ್ ಕಲಾ ಸಂಗ್ರಹಾಲಯದ ಆಸ್ತಿ. ಬಡವರು ಕೈಗೆ ಸಿಕ್ಕಿದ್ದನ್ನು ಜೋಡಿಸಿ ಚಂದ ಮಾಡಿಕೊಳ್ಳುವ ರೀತಿಯ ಬಗ್ಗೆ ಚಿಕಾನೊ ವಿಮರ್ಶಕರು ಬರೆದಿದ್ದಾರೆ. ಆದರೆ ಅವರ ಉದಾಹರಣೆಗಳು ಹೆಚ್ಚಾಗಿ ಬೀದಿಯವು. ಮೆಸಾ-ಬೇನ್ಸ್ ಮನೆಯೊಳಗಿನ ಮೂಲೆಯನ್ನು ತೋರಿಸಿ, ಹೆಣ್ಣಿಗೆ ಇದೇ ಸೆರೆ, ಇದೇ ಸ್ವಂತ ಜಾಗ, ಎರಡನ್ನೂ ಒಟ್ಟಿಗೆ ನೋಡಿ ಎಂದರು. ಮನೆಗೆಲಸವನ್ನು ಹಾಡಿ ಹೊಗಳುವ ಮರುಳಿಗೂ ಬೀಳದೆ, ತುಚ್ಛವೆಂದು ಬದಿಗೂ ಸರಿಸದೆ ನಿಂತ ಈ ನಿಲುವು ಇಂದಿಗೂ ಅಪರೂಪ.

ಅದೇ ಹಬ್ಬಕ್ಕೆ ಮಾರುಕಟ್ಟೆ ಏನು ಮಾಡಿತು ನೋಡಿ. 2013ರಲ್ಲಿ ಡಿಸ್ನಿ ಕಂಪನಿ ತನ್ನ ಸಿನಿಮಾಗಾಗಿ ಸತ್ತವರ ಹಬ್ಬದ ಸ್ಪ್ಯಾನಿಷ್ ಹೆಸರನ್ನೇ ಟ್ರೇಡ್‌ಮಾರ್ಕ್ ಮಾಡಿಕೊಳ್ಳಲು ಅರ್ಜಿ ಹಾಕಿತು, ಜನ ಸಿಡಿದೆದ್ದ ಮೇಲೆ ಹಿಂತೆಗೆದುಕೊಂಡಿತು. 2019ರಲ್ಲಿ ಅದೇ ಹಬ್ಬದ ಬಾರ್ಬಿ ಗೊಂಬೆ ಬಂತು. ಬಣ್ಣ, ಹೂವು, ತಲೆಬುರುಡೆ ಎಲ್ಲ ಉಳಿದಿತ್ತು. ಸತ್ತವರು ಮಾತ್ರ ಇರಲಿಲ್ಲ. ಹಬ್ಬದ ಮೂಲಕ ಸಂಸ್ಕೃತಿಯನ್ನು ಅರಿಯುತ್ತೇವೆ ಎನ್ನುವ ದಾರಿ ಸಾಮಾನ್ಯವಾಗಿ ಹೋಗಿ ನಿಲ್ಲುವುದು ಇಲ್ಲಿ. ಹಬ್ಬವನ್ನು ಗೊಂಬೆಯಾಗಿ ಮಾರಬಹುದು, ಡೈನುಬಾದ ನೀರನ್ನು ಹಾಗೆ ಮಾರಲಾಗದು.

ಚಂದದ್ದನ್ನು ಉಳಿಸಿಕೊಂಡು ನೋವನ್ನು ಬಿಡುವ ಈ ಅಭ್ಯಾಸ ನಗರಗಳಿಗೂ ಇದೆ. ಲಾಸ್ ಏಂಜಲಿಸ್‌ಗೆ 200 ವರ್ಷ ತುಂಬಿದ 1981ರಲ್ಲಿ ನಗರದ ಪುನರಭಿವೃದ್ಧಿ ಸಂಸ್ಥೆ ಬಾರ್ಬರಾ ಕರಾಸ್ಕೊಗೆ ನಗರದ ಇತಿಹಾಸದ ಚಿತ್ರ ಬರೆಯಲು ಹೇಳಿತು. ಅವರು 43 ಹಲಗೆಗಳಲ್ಲಿ, 80 ಅಡಿ ಉದ್ದಕ್ಕೆ, ಒಬ್ಬ ಹೆಣ್ಣಿನ ಹರಡಿದ ಜಡೆಯನ್ನು ಬರೆದು, ಆ ಕೂದಲ ಎಳೆಗಳಲ್ಲಿ ಊರಿನ ಚರಿತ್ರೆಯನ್ನು ಹೆಣೆದರು. ಅದರಲ್ಲಿ 1871ರಲ್ಲಿ ಚೀನೀಯರನ್ನು ಗುಂಪು ಕಟ್ಟಿ ಕೊಂದದ್ದು ಇತ್ತು, ಎರಡನೆಯ ಮಹಾಯುದ್ಧದಲ್ಲಿ ಜಪಾನಿ ಮೂಲದವರನ್ನು ಶಿಬಿರಗಳಿಗೆ ತಳ್ಳಿದ್ದು ಇತ್ತು, 1932ರಲ್ಲಿ ಸಿಕೇರೊಸ್ ಬರೆದ ಗೋಡೆಚಿತ್ರಕ್ಕೆ ಇದೇ ಊರಿನವರು ಸುಣ್ಣ ಬಳಿದದ್ದೂ ಇತ್ತು. ಸಂಸ್ಥೆ 14 ದೃಶ್ಯಗಳನ್ನು ತೆಗೆಯಿರಿ ಎಂದಿತು. ಕರಾಸ್ಕೊ ಒಪ್ಪಲಿಲ್ಲ. ಸುಣ್ಣ ಬಳಿದ ಕಥೆ ಹೇಳಿದ ಚಿತ್ರ ತಾನೇ ಗೋದಾಮು ಸೇರಿತು. ನಡುವೆ ಒಂದೆರಡು ಬಾರಿ ಹೊರಬಂದದ್ದು ಬಿಟ್ಟರೆ, ಅದಕ್ಕೊಂದು ಖಾಯಂ ನೆಲೆ ಸಿಕ್ಕಿದ್ದು 2020ರಲ್ಲಿ ಅಲ್ಲಿನ ನಿಸರ್ಗ ಇತಿಹಾಸ ಸಂಗ್ರಹಾಲಯ ಅದನ್ನು ತನ್ನದಾಗಿಸಿಕೊಂಡ ಮೇಲೆ. ಚೀನೀ, ಜಪಾನಿ ಮೂಲದವರ ನೋವಿಗೂ ತನ್ನ ಜಡೆಯಲ್ಲಿ ಜಾಗ ಕೊಟ್ಟ ಈ ಚಿತ್ರ, ಚಿಕಾನಾ ಕಲೆ ತನ್ನವರ ಅಳಲನ್ನಷ್ಟೇ ಹೇಳುತ್ತದೆ ಎಂಬ ದೂರಿಗೆ ಸಾಕಷ್ಟು ಉತ್ತರ. ಜೂಡಿ ಬಾಕಾ 1976ರಿಂದ ಹಲವು ಬೇಸಗೆಗಳಲ್ಲಿ 400ಕ್ಕೂ ಹೆಚ್ಚು ಹುಡುಗ ಹುಡುಗಿಯರಿಂದ ಕಾಂಕ್ರೀಟ್ ಕಾಲುವೆಯ ಗೋಡೆಗೆ ಬರೆಸಿದ ಅರ್ಧ ಮೈಲಿಯ ‘ಲಾಸ್ ಏಂಜಲಿಸ್‌ನ ಮಹಾಗೋಡೆ’ಯೂ ಹಾಗೆಯೇ. ಮನೆಮಂದಿಯ ನಡುವೆ ಹಾವಿನಂತೆ ಹಾದುಹೋಗುವ ಹೆದ್ದಾರಿ, ಜನರನ್ನು ಎಬ್ಬಿಸಿದ ಬಡಾವಣೆಯ ಮೇಲೆ ಅನ್ಯಗ್ರಹದ ನೌಕೆಯ ಹಾಗೆ ಇಳಿಯುವ ಬೇಸ್‌ಬಾಲ್ ಕ್ರೀಡಾಂಗಣ ಅಲ್ಲಿವೆ.

ಇಂದು ಕಾಲ ಬದಲಾಗಿದೆ ಎನ್ನಬಹುದು. ಬಾಕಾ ಅವರ ಗೋಡೆಯನ್ನು ಮುಂದುವರಿಸಲು 2021ರಲ್ಲಿ ಮೆಲನ್ ಪ್ರತಿಷ್ಠಾನ 50 ಲಕ್ಷ ಡಾಲರ್ ಕೊಟ್ಟಿತು. 2022ರಲ್ಲಿ ರಿವರ್‌ಸೈಡ್ ನಗರದಲ್ಲಿ ಚಿಕಾನೊ ಕಲೆಗೆಂದೇ ಒಂದು ಕೇಂದ್ರ ತೆರೆಯಿತು. ಒಳ್ಳೆಯದೇ. ಆದರೆ ಗೋಡೆಯ ಒಳಗೆ ಚಿತ್ರಕ್ಕೆ ಜಾಗ ಸಿಕ್ಕಿತು ಎಂದರೆ ಬರೆದವಳಿಗೂ ಊರಲ್ಲಿ ಜಾಗ ಸಿಕ್ಕಿತು ಎಂದಲ್ಲ. ದೇವಮಾತೆಗೆ ಬೂಟು ತೊಡಿಸಿದ ಯೊಲಾಂಡಾ ಲೋಪೆಜ್ ಸ್ಯಾನ್ ಫ್ರಾನ್ಸಿಸ್ಕೊದ ಮಿಷನ್ ಬಡಾವಣೆಯಲ್ಲಿ ದಶಕಗಳಿಂದ ಬಾಡಿಗೆಗಿದ್ದವರು. 2014ರಲ್ಲಿ, ಎಪ್ಪತ್ತು ದಾಟಿದ ವಯಸ್ಸಿನಲ್ಲಿ, ಅವರನ್ನು ಮನೆಯಿಂದ ಎಬ್ಬಿಸಲಾಯಿತು. ಸಾಫ್ಟ್‌ವೇರ್ ಕಂಪನಿಗಳ ಏಳಿಗೆಯಿಂದ ಆ ಬಡಾವಣೆಯ ಬಾಡಿಗೆ ಮುಗಿಲು ಮುಟ್ಟಿ, ಹಳಬರು ಒಬ್ಬೊಬ್ಬರಾಗಿ ಜಾಗ ಖಾಲಿ ಮಾಡುತ್ತಿದ್ದ ಕಾಲ ಅದು. ಎಂಜಿನಿಯರುಗಳನ್ನು ಅಲ್ಲಿಂದ ಸಿಲಿಕಾನ್ ಕಣಿವೆಗೆ ಒಯ್ಯುವ ಕಂಪನಿ ಬಸ್ಸುಗಳನ್ನು ಜನ ಅಡ್ಡಗಟ್ಟುತ್ತಿದ್ದರು. ಆ ಬಸ್ಸುಗಳಲ್ಲಿ ಕನ್ನಡ ಮಾತಾಡುವವರೂ ಇದ್ದೇ ಇದ್ದರು. ಲೋಪೆಜ್ ಮನೆಯ ಸಾಮಾನುಗಳ ಗ್ಯಾರೇಜ್ ಮಾರಾಟವನ್ನೇ ಒಂದು ಕಲಾಪ್ರದರ್ಶನ ಮಾಡಿದರು, ಅಂದರೆ ಎಬ್ಬಿಸುವ ಪ್ರಕ್ರಿಯೆಯನ್ನೇ ಎಲ್ಲರ ಕಣ್ಣಿಗೂ ಬೀಳುವ ಹಾಗೆ ಹರವಿಟ್ಟರು. ದೊಡ್ಡ ಸಂಗ್ರಹಾಲಯವೊಂದು ಅವರೊಬ್ಬರದೇ ಪ್ರದರ್ಶನ ಏರ್ಪಡಿಸಿದ್ದು ಹುಟ್ಟೂರು ಸ್ಯಾನ್ ಡಿಯೆಗೊದಲ್ಲಿ, 2021ರ ಅಕ್ಟೋಬರಿನಲ್ಲಿ. ಸೆಪ್ಟೆಂಬರಿನಲ್ಲಿ ಅವರು ತೀರಿಕೊಂಡಿದ್ದರು.